ಭಾನುವಾರದ ಮೂರು ಮಾತ್ರೆ

ಸೀಮೆಸುಣ್ಣ ಕೈಜಾರಿ ಬಿತ್ತು. ಎತ್ತಿಕೊಳ್ಳಲು ಹೋದೆ. ಬೆನ್ನು ಬಗ್ಗಲಿಲ್ಲ.

ಒಂಬತ್ತನೇ ತರಗತಿ, ಊಟದ ನಂತರದ ಮೊದಲ ಪೀರಿಯಡ್. ಬೆನ್ನಿಗೆ ಯಾರೋ ಹಲಗೆ ಇಟ್ಟು ಬಿಗಿದ ಹಾಗಿತ್ತು. ಕೊನೆಗೆ ಟೇಬಲ್ಲಿನ ಕಾಲು ಹಿಡಿದು, ಬೆನ್ನು ನೆಟ್ಟಗೇ ಇಟ್ಟುಕೊಂಡು, ಕುಕ್ಕರಗಾಲಲ್ಲಿ ಕೂತು ಎತ್ತಿಕೊಂಡೆ. ಹಿಂದಿನ ಬೆಂಚಿನಿಂದ ಒಬ್ಬಳು, "ಮಿಸ್ ಮುದುಕಿ ಆಗ್ಯಾರ ನೋಡ್ರೇ" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಗ ನನಗೆ ಇಪ್ಪತ್ತೊಂಬತ್ತು.

ಹಗರಿಬೊಮ್ಮನಹಳ್ಳಿಯ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಅತಿಥಿ ಶಿಕ್ಷಕಿ. ಊರು ಹೂವಿನಹಡಗಲಿ ತಾಲ್ಲೂಕಿನ ಒಂದು ಹಳ್ಳಿ. ಅವ್ವ, ಅಪ್ಪ ಇಬ್ಬರೂ ಬೇರೆಯವರ ತೋಟದಲ್ಲಿ ಮಲ್ಲಿಗೆ ಮೊಗ್ಗು ಬಿಡಿಸುವವರು. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಅಪ್ಪ ಜೀವಮಾನವಿಡೀ ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿದವನು. ಪೂರ್ತಿ ಓದಿ, ಆಮೇಲೆ ಸಹಿ ಹಾಕಿದ ಮೊದಲ ಕೈ ನಮ್ಮ ಮನೆಯಲ್ಲಿ ನನ್ನದು. ಓದಿನಿಂದ ನನಗೆ ಸಿಕ್ಕಿದ್ದು ಕೆಲಸಕ್ಕಿಂತ ಹೆಚ್ಚಾಗಿ ಇದು: ಯಾರು ಏನು ಹೇಳಿದರೂ ಒಮ್ಮೆ ತಿರುಗಿಸಿ ನೋಡುವ ಚಾಳಿ. ಕಾಯಿಲೆಯ ಹದಿನೆಂಟು ತಿಂಗಳಲ್ಲಿ ಆ ಚಾಳಿ ನನ್ನನ್ನು ಎಷ್ಟು ಕಾಪಾಡಿತು, ಎಷ್ಟು ಹಾಳು ಮಾಡಿತು ಎಂಬುದನ್ನು ಬರೆಯಲು ಕೂತಿದ್ದೇನೆ.

ಮೊದಲ ಡಾಕ್ಟರು ಗ್ಯಾಸ್ ಅಂದರು. ಎರಡನೆಯವರು ದಿನಾ ಬಸ್ಸಿನಲ್ಲಿ ಕುಲುಕುವುದರಿಂದ ಬಂದ ನೋವು ಅಂದರು. ಮೂರನೆಯವರು ಮದುವೆ ಆಗಿದೆಯೇ ಎಂದು ಕೇಳಿದರು. ಇಲ್ಲ ಅಂದಾಗ, ಅದೇ ಕಾಯಿಲೆ ಎನ್ನುವ ಹಾಗೆ ತಲೆಯಾಡಿಸಿದರು. ಮೂವರ ಚೀಟಿಯನ್ನೂ ಒಂದೇ ಕವರಿನಲ್ಲಿ ಇಟ್ಟೆ. ಮೂರರಲ್ಲೂ ಇದ್ದದ್ದು ಅದೇ ನೋವಿನ ಮಾತ್ರೆ. ಸಂಜೆಯಾದರೆ ಸಣ್ಣ ಜ್ವರ. ರವಿಕೆ ಸಡಿಲವಾಯಿತು. ಅವ್ವ ಎರಡು ಸಲ ಹೊಲಿಗೆ ಹಾಕಿಕೊಟ್ಟಳು.

ಒಂದು ಬೆಳಿಗ್ಗೆ ಬಸ್ಸಿನಲ್ಲಿ ಕೂತು ಕೆಳಗೆ ನೋಡಿದರೆ ಎಡಗಾಲಿನಲ್ಲಿ ಚಪ್ಪಲಿ ಇರಲಿಲ್ಲ.

ಅದು ಯಾವಾಗ ಕಳಚಿತೋ ನನ್ನ ಕಾಲಿಗೆ ಗೊತ್ತೇ ಆಗಿರಲಿಲ್ಲ.

ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಎಂಆರ್‌ಐ ಮಾಡಿದರು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, ಬೆನ್ನುಮೂಳೆಯ ನಡುವೆ ಎರಡು ಮೂಳೆ ಕರಗಿ ಒಂದರೊಳಗೊಂದು ಕೂತಿದ್ದನ್ನು ಪೆನ್ನಿನ ತುದಿಯಿಂದ ತೋರಿಸಿದರು. "ಸ್ಪೈನ್ ಟಿಬಿ ಇದ್ದಂಗಿದೆ. ಬಯಾಪ್ಸಿ ಮಾಡಿ ಖಾತ್ರಿ ಮಾಡ್ಕೊಳ್ಳೋಣ."

"ನನಗೆ ಕೆಮ್ಮೇ ಇಲ್ಲವಲ್ಲ ಸರ್."

"ಟಿಬಿ ಎದೆಗೇ ಬರಬೇಕು ಅಂತ ರೂಲ್ ಏನಿಲ್ಲಮ್ಮ."

ಬಯಾಪ್ಸಿಯ ಒಪ್ಪಿಗೆ ಪತ್ರ ಕೊಟ್ಟರು. ಎರಡು ಪುಟ. ಮಲಗಿಕೊಂಡೇ ಪೂರ್ತಿ ಓದಿದೆ. ನರ್ಸ್ ಪೆನ್ನು ಹಿಡಿದು ನಿಂತು ನಿಂತು ಸಾಕಾಗಿ, "ಅಕ್ಕಾರ, ಸಹಿ ಹಾಕ್ರಿ ಅಂದ್ರ ಪರೀಕ್ಷಿಗೆ ಓದಿದಂಗ ಓದ್ತೀರಲ್ರಿ" ಅಂದಳು. ರಿಪೋರ್ಟ್ ಬಂದಾಗ ಮೊದಲು ನೋಡಿದ್ದು ಕಾಯಿಲೆಯನ್ನಲ್ಲ. ನನ್ನ ಹೆಸರು, ವಯಸ್ಸು, ವಾರ್ಡಿನ ನಂಬರು. ಬೇರೆ ಯಾರದ್ದೋ ಆಗಿರಲಿ ಎಂಬ ಆಸೆ.

ನನ್ನದೇ ಆಗಿತ್ತು.

"ಕಾಲು ಬರ್ತದಾ ಸರ್?" ಎಂದು ಕೇಳಿದೆ. ಅಷ್ಟು ಹೊತ್ತಿಗೆ ಎರಡೂ ಕಾಲು ಹಾಸಿಗೆಯ ಮೇಲೆ ಬೇರೆಯವರ ಸಾಮಾನಿನ ಹಾಗೆ ಬಿದ್ದಿದ್ದವು.

"ಮಾತ್ರೆ ಕರೆಕ್ಟಾಗಿ ತಗೊಳ್ಳಿ. ಒಂದೂವರೆ ವರ್ಷ. ನೋಡೋಣ."

ಬರುತ್ತದೆ ಎಂದು ಅವರು ಹೇಳಲಿಲ್ಲ. ನಾನು ಅದನ್ನು ಗಮನಿಸಿದೆ. ಅವ್ವ ಗಮನಿಸಲಿಲ್ಲ, ಅಥವಾ ಹಾಗೆ ತೋರಿಸಿಕೊಂಡಳು.

ನನ್ನನ್ನು ಮನೆಗೆ ತಂದು ಮಲಗಿಸಿದ ಸೋಮವಾರ ಅವ್ವ ಊರ ಬಸವಣ್ಣನ ಗುಡಿಗೆ ಹೋದಳು. ನಮ್ಮ ಕಡೆ ದೇವರ ಬಾಯಿಂದ ಮಾತು ಪಡೆಯುವುದು ಹೂವಿನಿಂದ. ಪೂಜಾರಿ ಮೊಗ್ಗನ್ನು ನೀರಲ್ಲಿ ಅದ್ದಿ ಮೂರ್ತಿಯ ಎರಡೂ ಕಡೆ ಅಂಟಿಸುತ್ತಾನೆ. ಕೇಳುವವರು ಮನಸ್ಸಿನಲ್ಲಿ ಕೇಳಿಕೊಂಡು ಕೂರುತ್ತಾರೆ. ಬಲಗಡೆಯ ಹೂ ಮೊದಲು ಬಿದ್ದರೆ ದೇವರು ಮಾತು ಕೊಟ್ಟ ಎಂದು ಅರ್ಥ. ಅವ್ವ ಬಿದ್ದ ಹೂವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು.

"ಬಲಗಡಿ ಕೊಟ್ಟಾನ. ನನ್ನ ಮಗಳು ಎದ್ದು ನಿಲ್ತಾಳ."

"ನೀರು ಆರಿದ್ರ ಯಾವ ಹೂವಾದ್ರೂ ಬೀಳ್ತೈತಬೇ. ಗುಡಿಯಾಗ ಫ್ಯಾನ್ ಯಾವ ಕಡಿ ಐತಿ, ನೋಡಿದ್ಯಾ?"

"ಕರೆಂಟ್ ಇದ್ದಿಲ್ಲ" ಅಂದಳು ಅವ್ವ.

ಮಾತ್ರೆಯ ಪಟ್ಟಿಗಳನ್ನು ತರುತ್ತಿದ್ದವಳು ನಮ್ಮೂರಿನ ಆಶಾ ಕಾರ್ಯಕರ್ತೆ ರೇಣುಕಕ್ಕ. ನಾನು ಕಾಲೇಜಿಗೆ ಸೇರಿದ ವರ್ಷ ಮದುವೆಯಾಗಿ ಊರಿಗೆ ಬಂದವಳು. ಮಾತು ಜಾಸ್ತಿ, ನಗು ಇನ್ನೂ ಜಾಸ್ತಿ. ಮಲಗಿದಲ್ಲೇ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ನನ್ನನ್ನು ಹೇಗೆ ಹೊರಳಿಸಬೇಕು ಎಂದು ಅವ್ವನಿಗೆ ಕಲಿಸಿದವಳು ಅವಳು. ಮೂತ್ರ ಕಿತ್ತಳೆ ಬಣ್ಣವಾದಾಗ ಅವ್ವ ಅತ್ತಳು. ರೇಣುಕಕ್ಕ, "ಅಳಬ್ಯಾಡ್ರಿ ಅತ್ತಿ, ಮಾತ್ರಿ ಬಣ್ಣ ಅದು. ಮಾತ್ರಿ ಒಳಗ ಹೋಗೈತಿ ಅನ್ನಾಕ ಸಾಕ್ಷಿ" ಅಂದಳು. ನಾನು ಅದನ್ನೂ ನಂಬದೆ ಮೊಬೈಲಿನಲ್ಲಿ ಹುಡುಕಿದೆ. ಅವಳು ಹೇಳಿದ್ದು ಸರಿಯಿತ್ತು.

ದಿನಕ್ಕೆ ನಾಲ್ಕು ಮಾತ್ರೆ, ಬೆಳಿಗ್ಗೆ ಬರಿ ಹೊಟ್ಟೆಗೆ. ಪಟ್ಟಿಗೆ ಇಪ್ಪತ್ತೆಂಟು, ಅಂದರೆ ಸರಿಯಾಗಿ ಒಂದು ವಾರ. ಹಲ್ಲಿ, ಇಲಿ ಮುಟ್ಟದಿರಲಿ ಎಂದು ಅವ್ವ ಅವನ್ನು ದೇವರ ಗೂಡಿನಲ್ಲಿ ಇಟ್ಟಿದ್ದಳು. ನಸುಕಿನಲ್ಲಿ ಮೊಗ್ಗು ಬಿಡಿಸಿ ಬಂದು, ಸ್ನಾನ ಮಾಡಿ, ಗೂಡಿನಿಂದ ಮಾತ್ರೆ ಬಿಡಿಸಿ ತಂದು ನನ್ನ ಅಂಗೈಗೆ ಹಾಕುತ್ತಿದ್ದಳು. ಅವಳ ಬೆರಳು ಮಲ್ಲಿಗೆ ನಾರುತ್ತಿತ್ತು. ಈಗಲೂ ಮಲ್ಲಿಗೆಯ ವಾಸನೆ ಬಂದರೆ ನನಗೆ ಬಾಯಿ ಕಹಿಯಾಗುತ್ತದೆ.

ತಿಂಗಳುಗಳು ಹೋದವು. ಕಾಲು ಬರಲಿಲ್ಲ.

ಮಲಗಿದವರಿಗೆ ಎರಡೇ ಕೆಲಸ. ತೊಲೆ ನೋಡುವುದು, ಅನುಮಾನ ಪಡುವುದು. ನೋಡಲು ಬಂದ ನೆಂಟರು ನೀರು ಕುಡಿಯದೆ ಯಾಕೆ ಎದ್ದರು? ಶಾಲೆಯಿಂದ ಫೋನು ಯಾಕೆ ನಿಂತಿತು? ಡಾಕ್ಟರು ಎರಡನೇ ಸಲ ಎಂಆರ್‌ಐ ನೋಡಿ, "ಸ್ಲೋ ಇದೆ, ಆದರೆ ಪರವಾಗಿಲ್ಲ" ಅನ್ನುವಾಗ ನನ್ನ ಮುಖ ಬಿಟ್ಟು ಅಪ್ಪನ ಮುಖ ಯಾಕೆ ನೋಡಿದರು? ಅವ್ವನಿಗೆ ಇಂಥ ಯಾವ ಪ್ರಶ್ನೆಯೂ ಇರಲಿಲ್ಲ. "ಮಾತು ಕೊಟ್ಟಾನ" ಅನ್ನುತ್ತಿದ್ದಳು, ಪಕ್ಕದ ಮನೆಯವರು ನಾಳೆ ಹಿಟ್ಟು ವಾಪಸು ಕೊಡುತ್ತಾರೆ ಎನ್ನುವಷ್ಟು ಸಲೀಸಾಗಿ. ಅವಳ ಆ ನೆಮ್ಮದಿ ನನ್ನನ್ನು ಕಾಯಿಲೆಗಿಂತ ಹೆಚ್ಚು ಉರಿಸುತ್ತಿತ್ತು.

ನಾಲ್ಕನೇ ತಿಂಗಳಲ್ಲಿ ಒಂದು ಭಾನುವಾರ ಅಂಗೈಯಲ್ಲಿ ಮೂರೇ ಮಾತ್ರೆ ಕಂಡವು.

"ಇನ್ನೊಂದು ಎಲ್ಲಿ ಐತಬೇ?"

"ಪಟ್ಟ್ಯಾಗ ಇರಾದು ಅಷ್ಟ. ನಾಳೆ ಹೊಸಾದು ಒಡಿತೀನಿ."

ಮುಂದಿನ ಭಾನುವಾರ ಕಾದೆ. ಮೂರು. ಅದರ ಮುಂದಿನ ಭಾನುವಾರವೂ ಮೂರು. ಹಿಂದಿನ ವಾರಗಳಲ್ಲೂ ಹೀಗೇ ಆಗಿತ್ತೇ? ಜ್ವರದ ಮಂಪರಿನಲ್ಲಿ ಎಣಿಸದೆ ನುಂಗಿದ ಆ ದಿನಗಳ ಲೆಕ್ಕ ನನ್ನ ಹತ್ತಿರ ಇರಲಿಲ್ಲ. ಪಟ್ಟಿಯನ್ನು ಕಣ್ಣಿಂದ ನೋಡೋಣವೆಂದರೆ ಗೂಡು ಒಳಕೋಣೆಯಲ್ಲಿ. ನಾನು ಪಡಸಾಲೆಯಲ್ಲಿ, ಎದೆಯಿಂದ ಸೊಂಟದವರೆಗೆ ಬೆಲ್ಟು ಬಿಗಿದುಕೊಂಡು ಅಂಗಾತ.

ಸರ್ಕಾರ ಇಪ್ಪತ್ತೇಳು ಮಾತ್ರೆಯ ಪಟ್ಟಿ ಮಾಡುವುದಿಲ್ಲ. ಅಷ್ಟು ವಿಜ್ಞಾನ ನನಗೆ ಗೊತ್ತು. ಪಟ್ಟಿ ಮುಟ್ಟುವವರು ಇಬ್ಬರು. ಅವ್ವ ಮತ್ತು ರೇಣುಕಕ್ಕ. ಅವ್ವ ಕದಿಯುವುದಿಲ್ಲ.

ಎದೆಯ ಮೇಲೆ ರಟ್ಟು ಇಟ್ಟುಕೊಂಡು ಅರ್ಜಿ ಬರೆದೆ. ಪೆನ್ನು ಮೇಲ್ಮುಖವಾಗಿ ಹಿಡಿದರೆ ಶಾಯಿ ಇಳಿಯುವುದಿಲ್ಲ. ಪೆನ್ಸಿಲಿನಲ್ಲೇ ಬರೆದೆ. "ಮಾನ್ಯರೇ" ಎಂದು ಶುರು ಮಾಡಿ, ಒಂದೂವರೆ ಪುಟ. ಪ್ರತಿ ಪಟ್ಟಿಯಿಂದ ಮಾತ್ರೆ ಕಾಣೆಯಾಗುತ್ತಿದೆ, ನನ್ನ ಕಾಲು ಬರದಿರಲು ಇದೇ ಕಾರಣವಿರಬಹುದು, ಸಂಬಂಧಪಟ್ಟ ಕಾರ್ಯಕರ್ತೆಯ ಮೇಲೆ ವಿಚಾರಣೆ ನಡೆಸಬೇಕು. ಕೆಳಗೆ ಸಹಿ, ಸಹಿಯ ಕೆಳಗೆ ಬಿ.ಎಸ್ಸಿ., ಬಿ.ಎಡ್. ಎಂತಲೂ ಹಾಕಿದೆ. ಅಪ್ಪ ಅದನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋದ. ಮಗಳು ಬರೆದ ಕಾಗದ ಎಂಬ ಹೆಮ್ಮೆಗೆ ಏನು ಬರೆದಿದ್ದೀ ಎಂದೂ ಕೇಳಲಿಲ್ಲ.

ಹತ್ತು ದಿನ ಏನೂ ಆಗಲಿಲ್ಲ. ಹನ್ನೊಂದನೇ ದಿನ ರೇಣುಕಕ್ಕ ಬಂದಳು. ಚಪ್ಪಲಿ ಬಿಡಲಿಲ್ಲ. ಹೊಸ್ತಿಲ ಆಚೆಗೇ ನಿಂತಳು.

"ಓದಿದಾಕಿ ಅಲ್ಲೇನವ್ವಾ ನೀನು. ಚಂದ ಬರದೀ. ಸಾಹೇಬ್ರು ನಾಕು ಮಂದಿ ಮುಂದ ನಿಂದ್ರಿಸಿ ಓದಿ ಹೇಳಿದ್ರು. ನನ್ನ ಬ್ಯಾಗು ಬೋರಲು ಹಾಕಿ ನೋಡಿದ್ರು. ನಿನ್ನ ಮಾತ್ರಿ ತಗೊಂಡು ನಾನೇನು ಪಲ್ಯಾ ಮಾಡ್ಲೇನು?"

ನನಗೆ ನಾಚಿಕೆಯಾಗಲಿಲ್ಲ. ಬರೆದಿದ್ದನ್ನು ಸಮರ್ಥಿಸಿಕೊಳ್ಳಲು ಬಾಯಿ ತೆರೆದೆ. "ಹಂಗಾದ್ರ ಪ್ರತಿ ಪಟ್ಟ್ಯಾಗ ಒಂದು ಎಲ್ಲಿ ಹೊಕ್ಕೈತಿ, ನೀನ ಹೇಳಕ್ಕ."

ಒಲೆಯ ಮುಂದಿದ್ದ ಅವ್ವ ಎದ್ದಳು. ಕೈ ತೊಳೆದಳು. ಒಳಕೋಣೆಗೆ ಹೋಗಿ ದೇವರ ಗೂಡಿನಿಂದ ವಿಭೂತಿಯ ಹಳೆಯ ಡಬ್ಬಿ ತಂದು ಹೊಸ್ತಿಲ ಮೇಲೆ, ರೇಣುಕಕ್ಕನ ಕಾಲ ಹತ್ತಿರ ಸುರಿದಳು.

ಹತ್ತೊಂಬತ್ತು ಮಾತ್ರೆ. ವಿಭೂತಿ ಮೆತ್ತಿದ್ದವು.

ಇದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಮನೆಯಲ್ಲಿ ಯಾವುದನ್ನೂ ಮೀಸಲು ತೆಗೆಯದೆ ಮುಟ್ಟುವುದಿಲ್ಲ. ತೋಟದಲ್ಲಿ ಬಿಡಿಸಿದ ಮೊದಲ ಮೊಗ್ಗು ದೇವರ ಪಾಲು. ಮೊದಲ ರೊಟ್ಟಿ, ಹೊಸ ಜೋಳದ ಮೊದಲ ಹಿಡಿ, ಈದ ಎಮ್ಮೆಯ ಮೊದಲ ಹಾಲು, ಎಲ್ಲದರಲ್ಲೂ ಮೊದಲಿನದು ಅವನಿಗೆ. ಮೀಸಲು ತೆಗೆದಿದ್ದನ್ನು ಬಾಯಿ ಬಿಟ್ಟು ಹೇಳಬಾರದು, ಹೇಳಿದರೆ ಕೆಟ್ಟಿತು. ಸಣ್ಣವಳಿದ್ದಾಗಿನಿಂದ ಇದನ್ನು ನೋಡಿಕೊಂಡು ಬೆಳೆದವಳು ನಾನು. ಮಾತ್ರೆಗೂ ಅದೇ ನಿಯಮ ಎಂದು ನನಗೆ ಹೊಳೆದೇ ಇರಲಿಲ್ಲ. ಅವ್ವನಿಗೆ ಅದರಲ್ಲಿ ಯೋಚಿಸುವಂಥದ್ದೇ ಇರಲಿಲ್ಲ. ಸೋಮವಾರ ಹೊಸ ಪಟ್ಟಿ ಒಡೆಯುವಳು. ಮೊದಲನೆಯದು ಬಸವಣ್ಣನಿಗೆ. ಉಳಿದದ್ದು ಮಗಳಿಗೆ.

ಕೂಗಿದೆ. ಏನು ಕೂಗಿದೆ ಎಂದು ಎಲ್ಲ ನೆನಪಿಲ್ಲ. ನನ್ನ ಕಾಲು ನೀನೇ ತಿಂದೆ ಎಂದದ್ದು ನೆನಪಿದೆ. ನಿನ್ನ ಬಸವಣ್ಣನಿಗೂ ಟಿಬಿ ಬಂದಿತ್ತೇನು ಎಂದದ್ದು ನೆನಪಿದೆ.

ರೇಣುಕಕ್ಕ ಕೆಳಗೆ ಕೂತು ಮಾತ್ರೆಗಳನ್ನು ನೋಡಿದಳು. ಅವಳ ತುಟಿ ಅಲುಗಿತು. ಅಳುತ್ತಾಳೆ ಅಂದುಕೊಂಡೆ. ನಗುತ್ತಿದ್ದಳು. "ಬಿಡ್ರಿ ಅತ್ತಿ, ನಮ್ಮೂರ ಬಸವಣ್ಣಗ ಇನ್ನ ಏಳು ಜನ್ಮ ಟಿಬಿ ಬರಂಗಿಲ್ಲ" ಅಂದಳು. ಆಮೇಲೆ ನಗು ನಿಲ್ಲಿಸಿ ನನ್ನ ಕಡೆ ತಿರುಗಿದಳು. "ನಿಮ್ಮವ್ವಗ ಕೇಳಬೇಕಂತ ಬರಲಿಲ್ಲ ನಿನಗ. ನನ್ನ ಮ್ಯಾಲ ಬರಿಬೇಕಂತ ಬಂತು." ಎದ್ದು ಹೋದಳು.

ಅವ್ವ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಹೊರಳಿಸಿದಳು, ಒರೆಸಿದಳು, ಮಾತ್ರೆ ಕೊಟ್ಟಳು, ನಾಲ್ಕು. ಮೂರನೇ ದಿನ ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತಾ ತಾನಾಗಿ ಶುರು ಮಾಡಿದಳು.

"ನೀರು ಆರಿದ್ರ ಹೂ ಬೀಳ್ತೈತಿ ಅಂದೆಲ್ಲ. ನಲವತ್ತು ವರ್ಷ ಹೂವಿನಾಗ ಕೈ ಐತಿ ನಂದು. ಯಾವ ಮೊಗ್ಗು ಯಾವಾಗ ಬೀಳ್ತೈತಿ ಅಂತ ನಿನಗಿಂತ ನನಗ ಚಲೋ ಗೊತ್ತೈತಿ. ಬೀಳ್ಸಾಕ ಅವನು ಬೇಕಾಗಿಲ್ಲ."

"ಮತ್ತ ಯಾಕ ಕೇಳಾಕ ಹೋದಿ?"

"ಒಬ್ರ ಮ್ಯಾಲ ಭಾರ ಹಾಕಬೇಕಿತ್ತು. ದಾಗದಾರು ನೋಡೋಣ ಅಂದ್ರು. ನೀನು ತೊಲಿ ನೋಡ್ಕೋಂತ ಮಲಗಿದಿ. ನಿಮ್ಮಪ್ಪ ಬಾಯೇ ಬಿಡಂಗಿಲ್ಲ. ಎದ್ದು ನಿಲ್ತಾಳ ಅಂತ ಅಂದಾವ ಅವನೊಬ್ಬನ. ನೀನು ದಿನಾ ಅವನ ಮಾತು ಸುಳ್ಳು ಅಂದಿ. ನಾನು ವಾರಕ್ಕೊಮ್ಮಿ ಮೀಸಲು ತಗದು ಖರೇ ಅಂದೆ. ಅವಗ ನೆಪ್ಪು ಮಾಡಾಕಲ್ಲ. ನನಗ ನೆಪ್ಪಿರಲಿ ಅಂತ."

ಅಷ್ಟು ದಿನ ಅವಳಿಗೆ ಅನುಮಾನವೇ ಬರುವುದಿಲ್ಲ ಎಂದುಕೊಂಡಿದ್ದೆ. ಅವಳಿಗೂ ಬರುತ್ತಿತ್ತು. ನಾನು ನನ್ನದನ್ನು ಊರಿಗೆಲ್ಲ ಹಂಚಿದೆ. ಅವಳು ವಾರಕ್ಕೊಂದರಂತೆ ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟಳು. ಮುಚ್ಚಿಟ್ಟಿದ್ದು ತಪ್ಪು. ಈಗಲೂ ಹಾಗೇ ಅನ್ನುತ್ತೇನೆ, ಅವಳೆದುರೂ ಅನ್ನುತ್ತೇನೆ.

ಡಾಕ್ಟರಿಗೆ ಎಲ್ಲವನ್ನೂ ಹೇಳಿದೆವು. ಅವ್ವ ಡಬ್ಬಿಯನ್ನೂ ಒಯ್ದಿದ್ದಳು. ಅವರು ಬೈಯಲಿಲ್ಲ. "ವಾರಕ್ಕೊಂದು ತಪ್ಪಿದ್ದಕ್ಕೇ ಕಾಲು ನಿಂತಿದೆ ಅಂತ ಹೇಳಕ್ಕಾಗಲ್ಲ. ಇದು ನಿಧಾನಕ್ಕೆ ವಾಸಿಯಾಗೋ ಕಾಯಿಲೆ. ಆದರೆ ಇನ್ನು ಮೇಲೆ ಒಂದೂ ತಪ್ಪಬಾರದು" ಅಂದರು. ಅವ್ವನ ಮುಖ ನೋಡಿ ಸಮಾಧಾನಕ್ಕೆ ಹಾಗೆ ಹೇಳಿದರೋ ನಿಜವಾಗಿಯೂ ಹಾಗೆಯೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅವ್ವ, "ಖಾಲಿ ಪಟ್ಟಿ ಇಟ್ರ ನಡಿತೈತೇನ್ರಿ?" ಎಂದು ಕೇಳಿದಳು. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತಾಯಿತು. "ಅದು ನಿಮ್ಮ ದೇವರನ್ನೇ ಕೇಳಿ" ಅಂದರು. ಅವ್ವ ಕೇಳಿದಳೋ ಇಲ್ಲವೋ. ಮುಂದಿನ ಭಾನುವಾರದಿಂದ ಖಾಲಿ ಪಟ್ಟಿಗಳು ಗೂಡಿನಲ್ಲಿ ಸೇರತೊಡಗಿದವು.

ಎರಡನೇ ಅರ್ಜಿ ಬರೆಯಲು ನನಗೆ ನಾಲ್ಕು ದಿನ ಬೇಕಾಯಿತು. ಅರ್ಧ ಪುಟ. ನನ್ನ ದೂರು ಸುಳ್ಳು, ಮಾತ್ರೆ ಮನೆಯಲ್ಲೇ ಇತ್ತು, ಕಾರ್ಯಕರ್ತೆಯದು ಯಾವ ತಪ್ಪೂ ಇಲ್ಲ, ಇದನ್ನೂ ಆ ನಾಲ್ಕು ಜನರ ಮುಂದೆ ಓದಿ ಹೇಳಬೇಕಾಗಿ ವಿನಂತಿ. ಸಹಿಯ ಕೆಳಗೆ ಡಿಗ್ರಿ ಹಾಕಲೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿದೆ. ಹಾಕಿದೆ. ಮೊದಲನೆಯದಕ್ಕೆ ಹಾಕಿದವಳು ಇದಕ್ಕೂ ಹಾಕಬೇಕು.

ಅಪ್ಪ ಈ ಸಲ ಕೇಳಿದ. "ಇದರಾಗ ಏನು ಬರದಿ?"

"ನಂದ ತಪ್ಪು ಅಂತ ಬರದೀನಿ."

ಕಾಗದವನ್ನು ತಿರುಗಿಸಿ ನೋಡಿದ. "ಇಂಗ್ಲೀಷಿನಾಗ ಬರೀಬೇಕಿತ್ತವ್ವಾ. ಅಷ್ಟು ಮಂದಿಗೆ ತಿಳೀತಿದ್ದಿಲ್ಲ." ಕಾಯಿಲೆ ಬಂದ ಮೇಲೆ ಅಪ್ಪ ಆಡಿದ ಮೊದಲ ತಮಾಷೆ ಅದು.

ರೇಣುಕಕ್ಕ ಮಾತ್ರೆ ತರುವುದು ನಿಲ್ಲಿಸಲಿಲ್ಲ. ಆದರೆ ಒಳಗೆ ಬರುವುದನ್ನು ನಿಲ್ಲಿಸಿದಳು. ಹೊಸ್ತಿಲ ಆಚೆ ನಿಂತು ಪಟ್ಟಿಯನ್ನು ಎತ್ತಿ ತೋರಿಸಿ, "ಎಣಿಸ್ಕೋರಿ ಟೀಚರ್" ಅನ್ನುವಳು. ಮೊದಲು ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದವಳು. ಅವ್ವ ಚಾ ಕುಡಿದು ಹೋಗು ಅಂದರೆ, "ಈಗಷ್ಟ ಕುಡ್ದೀನ್ರಿ ಅತ್ತಿ." ಪ್ರತಿ ಸಲವೂ ಈಗಷ್ಟೇ ಕುಡಿದಿರುತ್ತಿದ್ದಳು. ತಪ್ಪಾಯಿತು ಅಕ್ಕ ಎಂದು ಎರಡು ಸಲ ಹೇಳಿದೆ. ಎರಡು ಸಲವೂ, "ಇರಲಿ ಬಿಡ್ರಿ" ಅಂದಳು. ಆ 'ರಿ' ಹೋಗಲಿಲ್ಲ.

ಒಂಬತ್ತನೇ ತಿಂಗಳಲ್ಲಿ ಅವ್ವ ಎಣ್ಣೆ ತಿಕ್ಕುವಾಗ ಬಲಗಾಲಿನ ಹೆಬ್ಬೆರಳು ಅಲುಗಿತು.

ನಾನು ನಂಬಲಿಲ್ಲ. ಅವ್ವ ಎಳೆದಿದ್ದು ಅಂದೆ. ಅವಳು ಎರಡೂ ಕೈ ಮೇಲೆತ್ತಿ ಕೂತಳು. "ಈಗ ಅಲಗಿಸು." ಅಲುಗಿತು. ಅವಳು ಗುಡಿಯ ಕಡೆ ಮುಖ ಮಾಡಿ ಕೈ ಮುಗಿಯಲಿಲ್ಲ, ಅಳಲೂ ಇಲ್ಲ. "ಇನ್ನೊಂದು ಕಾಲು ತಾ" ಅಂದು ಎಣ್ಣೆಯ ಬಟ್ಟಲು ಆ ಕಡೆ ಸರಿಸಿದಳು.

ಆಮೇಲಿನದು ನಿಧಾನದ ಕೆಲಸ. ಕೂರುವುದು. ತಲೆ ಸುತ್ತುವುದು. ಗೋಡೆ ಹಿಡಿದು ನಿಲ್ಲುವುದು. ವಾಕರ್. ಮೂರು ಹೆಜ್ಜೆಗೆ ಬೆವರು. ಹಡಗಲಿಯಿಂದ ವಾರಕ್ಕೊಮ್ಮೆ ಬರುತ್ತಿದ್ದ ಫಿಸಿಯೋಥೆರಪಿಯ ಹುಡುಗಿ, "ಟೀಚರ್, ಎಡಗಾಲು ಹೇಳಿದ ಮಾತು ಕೇಳಂಗಿಲ್ಲ ನೋಡ್ರಿ, ನಿಮ್ಮಂಗ" ಅನ್ನುತ್ತಿದ್ದಳು.

ಹದಿನೆಂಟು ತಿಂಗಳು ಮುಗಿದ ದಿನ ಭಾನುವಾರ. ಕೊನೆಯ ಪಟ್ಟಿಯಲ್ಲಿ ನಾಲ್ಕು ಉಳಿದಿದ್ದವು. ನಾನೇ ಸ್ನಾನ ಮಾಡಿ, ಕೋಲು ಊರಿಕೊಂಡು ಗೂಡಿನವರೆಗೆ ನಡೆದು, ನಾನೇ ಬಿಡಿಸಿಕೊಂಡು ನುಂಗಿದೆ. ಖಾಲಿ ಪಟ್ಟಿಯನ್ನು ಉಳಿದವುಗಳ ಮೇಲೆ ಇಟ್ಟೆ. ಕೈ ಮುಗಿದೆನೇ ಎಂದು ಕೇಳಬೇಡಿ. ಒಂದು ಕೈಯಲ್ಲಿ ಕೋಲಿತ್ತು.

"ನೋಡಿದ್ಯಾ, ಮಾತು ಉಳಿಸ್ಕೊಂಡ" ಅಂದಳು ಅವ್ವ.

"ಎಡಗಾಲು ಇನ್ನ ಎಳಿತೈತಲ್ಲಬೇ."

"ಎದ್ದು ನಿಲ್ತಾಳ ಅಂದಿದ್ದ. ಓಡ್ತಾಳ ಅಂದಿದ್ದಿಲ್ಲ."

ಮಾತ್ರೆಯಿಂದ ವಾಸಿಯಾಯಿತು ಎಂದು ನನಗೆ ಗೊತ್ತು. ಆದರೆ ಕಾಲು ಬರುತ್ತದೆ ಎಂದು ಯಾರೂ ಹೇಳದ ದಿನಗಳಲ್ಲಿ ಆ ಮಾತ್ರೆಯನ್ನು ದಿನವೂ ನನ್ನ ಬಾಯಿಗೆ ತಂದ ಕೈ, ಆ ಮಾತನ್ನು ನಂಬಿಯೇ ತಂದಿತು. ಅದೇ ಕೈ ಒಂದನ್ನು ತೆಗೆದೂ ಇಟ್ಟಿತು. ಎರಡನ್ನೂ ನಾನು ಮರೆಯುವುದಿಲ್ಲ. ಈಗ ಮತ್ತೆ ಶಾಲೆಗೆ ಹೋಗುತ್ತಿದ್ದೇನೆ. ಕುರ್ಚಿಯಲ್ಲಿ ಕೂತು ಪಾಠ ಮಾಡುತ್ತೇನೆ. ಬೆನ್ನು ಸ್ವಲ್ಪ ನೊಂದರೂ ತಿರುಗಿ ಬಂತೇ ಎಂದು ಕಾಲಲ್ಲಿ ಚಪ್ಪಲಿ ಇದೆಯೇ ನೋಡಿಕೊಳ್ಳುತ್ತೇನೆ.

ಆ ಭಾನುವಾರ ಹತ್ತು ಗಂಟೆಗೆ ರೇಣುಕಕ್ಕ ಮಾತ್ರೆಯ ಲೆಕ್ಕದ ಕಾರ್ಡಿಗೆ ಕೊನೆಯ ಸಹಿ ಮಾಡಿಸಿಕೊಳ್ಳಲು ಬಂದಳು. ಹೊಸ್ತಿಲ ಆಚೆಗೇ ನಿಂತು ಕಾರ್ಡು ಚಾಚಿದಳು. ನಾನು ಸಹಿ ಮಾಡಲಿಲ್ಲ. ಒಳಗೆ ಹೋದೆ. ಅವ್ವ ಚಾ ಸೋಸಿದ್ದಳು. ಎಮ್ಮೆಯ ಮೀಸಲು ತೆಗೆದು ಉಳಿದ ಹಾಲಿನ ಚಾ. ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಲೋಟ. ಒಲೆಯಿಂದ ಪಡಸಾಲೆಗೆ ಹನ್ನೊಂದು ಹೆಜ್ಜೆ. ಎಡಗಾಲು ಎಳೆದಾಗಲೆಲ್ಲ ಚಾ ತುಳುಕಿ ಬೆರಳು ಸುಟ್ಟಿತು. ಅವ್ವ ಹಿಡಿಯಲು ಬರಲಿಲ್ಲ. ಪಡಸಾಲೆಯ ನಡುವೆ ನಿಂತೆ. ಹೊಸ್ತಿಲವರೆಗೆ ಹೋಗಲು ಇನ್ನು ನಾಲ್ಕು ಹೆಜ್ಜೆ ಇತ್ತು. ನನ್ನಿಂದ ಆಗುತ್ತಿರಲಿಲ್ಲ.

ರೇಣುಕಕ್ಕ ನನ್ನ ಕಾಲು ನೋಡಿದಳು, ಲೋಟ ನೋಡಿದಳು.

"ಅರ್ಧ ಚೆಲ್ಲೀಯಲ್ಲೇ" ಅಂದಳು.

ಚಪ್ಪಲಿ ಬಿಟ್ಟು ಒಳಗೆ ಬಂದಳು.